ಉಣ್ಣೆಯ ಕಾಲುಚೀಲ: ಕೈಯಲ್ಲಿ ಒಗೆದದ್ದು ಕುಗ್ಗಿತು, ಮೆಷಿನ್ನಿಗೆ ಹಾಕಿದ್ದು ಉಳಿಯಿತು, ಏಕೆ?

ಚಳಿಗಾಲು:

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವ ಮೂರು ಜೊತೆ ಉಣ್ಣೆಯ ಕಾಲುಚೀಲಗಳ ಸ್ಥಿತಿಯನ್ನು ವಿವರಿಸಿ, ತಿಳಿದವರ ಸಲಹೆ ಪಡೆಯೋಣವೆಂದು ಬರೆಯುತ್ತಿದ್ದೇನೆ.

ಮೊದಲನೆಯ ಜೊತೆ ನನ್ನ ಅಕ್ಕ ದಪ್ಪ ನೂಲಿನಲ್ಲಿ ತಾನೇ ಹೆಣೆದುಕೊಟ್ಟದ್ದು. ಅದನ್ನು ಜೋಪಾನ ಮಾಡಬೇಕೆಂಬ ಆಸೆಯಿಂದಲೇ ವಾಷಿಂಗ್ ಮೆಷಿನ್ನಿಗೆ ಹಾಕದೆ, ಬಕೆಟ್ಟಿನಲ್ಲಿ ಬಿಸಿನೀರು ತುಂಬಿಸಿ, ಬಟ್ಟೆ ಒಗೆಯುವ ಸೋಪು ಹಚ್ಚಿ, ಹಿಮ್ಮಡಿಯ ಕೊಳೆ ಹೋಗುವವರೆಗೂ ಎರಡು ಕೈಗಳಿಂದ ತಿಕ್ಕಿ ಒಗೆದೆ. ಮೂರನೆಯ ಒಗೆತಕ್ಕೆ ಅದು ಎಂಟು ವರ್ಷದ ಮಗುವಿನ ಕಾಲಿಗೆ ಸರಿಹೋಗುವಷ್ಟು ಚಿಕ್ಕದಾಗಿ, ಮುಟ್ಟಿದರೆ ರಟ್ಟಿನಂತೆ ಗಟ್ಟಿಯಾಯಿತು. ಎರಡನೆಯದು ಅಂಗಡಿಯಿಂದ ತಂದ ತೆಳ್ಳನೆಯ ಮೆರಿನೋ ಉಣ್ಣೆಯ ಜೊತೆ. ಅದು ಕುಗ್ಗಲಿಲ್ಲ, ಆದರೆ ಒಂದೇ ಚಳಿಗಾಲದಲ್ಲಿ ಹಿಮ್ಮಡಿಯ ಭಾಗ ಸವೆದು, ಬೆಳಕಿಗೆ ಹಿಡಿದರೆ ಆಚೆಯದೆಲ್ಲ ಕಾಣುವಂತಾಗಿದೆ. ಮೂರನೆಯದು ಅದೇ ದಿನ ಅದೇ ಅಂಗಡಿಯಲ್ಲಿ ಕೊಂಡ, ಸ್ವಲ್ಪ ದಪ್ಪನೆಯ ಜೊತೆ. ಅದನ್ನು ಮನೆಯಲ್ಲಿ ಯಾರೋ ಉಳಿದ ಬಟ್ಟೆಗಳೊಂದಿಗೆ ಮೆಷಿನ್ನಿಗೆ ಹಾಕಿಬಿಟ್ಟಿದ್ದರು. ಅದಕ್ಕೆ ಏನೂ ಆಗಿಲ್ಲ.

ನನ್ನ ಗೊಂದಲ ಇಷ್ಟೇ. ಅತ್ಯಂತ ಎಚ್ಚರದಿಂದ ಕೈಯಲ್ಲಿ ಒಗೆದದ್ದು ಹಾಳಾಗಿ, ಲೆಕ್ಕಕ್ಕೇ ಇಲ್ಲದಂತೆ ಮೆಷಿನ್ನಿಗೆ ಎಸೆದದ್ದು ಚೆನ್ನಾಗಿ ಉಳಿದದ್ದು ಹೇಗೆ? ಉಣ್ಣೆಯ ಕಾಲುಚೀಲಗಳನ್ನು ಎಷ್ಟು ದಿನಕ್ಕೊಮ್ಮೆ, ಯಾವುದರಲ್ಲಿ, ಹೇಗೆ ಒಗೆಯಬೇಕು? ಕುಗ್ಗಿದ ಜೊತೆಯನ್ನು ಮತ್ತೆ ಹಿಗ್ಗಿಸಲು ಸಾಧ್ಯವೇ? ಅಕ್ಕನಿಗೆ ಈ ವಿಷಯವನ್ನು ಇನ್ನೂ ಹೇಳಿಲ್ಲ ಎಂಬುದನ್ನೂ ಸೇರಿಸುತ್ತೇನೆ.

ಉಣ್ಣೆಯೆಳೆ:

ನಿಮ್ಮ ಮೂರು ಜೊತೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ನಾನು ಮೊದಲನೆಯದನ್ನೂ ಮೂರನೆಯದನ್ನೂ ವಿವರಿಸುತ್ತೇನೆ. ಹಿಮ್ಮಡಿ ಸವೆದದ್ದಕ್ಕೂ ಒಗೆತಕ್ಕೂ ಹೆಚ್ಚಿನ ಸಂಬಂಧವಿಲ್ಲವೆಂದು ನನ್ನ ಅನಿಸಿಕೆ, ಅದನ್ನು ಬೇರೆಯವರು ಹೇಳಲಿ.

ಉಣ್ಣೆಯೂ ನಮ್ಮ ತಲೆಗೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಅದರ ಪ್ರತಿಯೊಂದು ಎಳೆಯ ಮೇಲೂ ಮೀನಿನ ಹುರುಪೆಗಳಂತೆ ಒಂದರ ಮೇಲೊಂದು ಹೊದ್ದುಕೊಂಡ ಸೂಕ್ಷ್ಮ ಪದರಗಳಿರುತ್ತವೆ, ಮತ್ತು ಅವೆಲ್ಲವೂ ಎಳೆಯ ತುದಿಯ ಕಡೆಗೆ ಮುಖಮಾಡಿರುತ್ತವೆ. ಇದರ ಪರಿಣಾಮವನ್ನು ಈಗಲೇ ಪರೀಕ್ಷಿಸಬಹುದು: ಉದ್ದನೆಯ ಒಂದು ತಲೆಗೂದಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಬೆರಳುಗಳನ್ನು ಕೂದಲಿನ ಉದ್ದಕ್ಕೆ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಉಜ್ಜಿದರೆ, ಕೂದಲು ಬುಡದ ದಿಕ್ಕಿಗೆ ಮಾತ್ರ ತೆವಳುತ್ತಾ ಹೋಗುತ್ತದೆ, ಹಿಂದಕ್ಕೆ ಬರುವುದೇ ಇಲ್ಲ. ಒದ್ದೆಯಾದ ಕಾಲುಚೀಲವನ್ನು ನೀವು ತಿಕ್ಕುವಾಗ ಅದರಲ್ಲಿರುವ ಅಸಂಖ್ಯ ಎಳೆಗಳೂ ಇದನ್ನೇ ಮಾಡುತ್ತವೆ. ಪ್ರತಿ ಉಜ್ಜಿಗೂ ಒಂದೊಂದು ಎಳೆ ತನ್ನ ಬುಡದ ಕಡೆಗೆ ಸ್ವಲ್ಪ ಸರಿದು, ಪಕ್ಕದ ಎಳೆಗೆ ಸಿಕ್ಕಿಕೊಂಡು, ಮರಳಿ ಬರಲಾಗದೆ ಅಲ್ಲೇ ನಿಲ್ಲುತ್ತದೆ. ಹೀಗೆ ಎಲ್ಲವೂ ಸೇರಿ ಜಡೆಗಟ್ಟಿದಾಗ ಬಟ್ಟೆ ಚಿಕ್ಕದಾಗಿ, ದಪ್ಪನಾಗಿ, ಗಟ್ಟಿಯಾಗುತ್ತದೆ. ಕಂಬಳಿಯನ್ನು ಬಿಗಿಗೊಳಿಸುವವರೂ ಫೆಲ್ಟ್ ತಯಾರಿಸುವವರೂ ಬೇಕೆಂದೇ ಮಾಡುವ ಕೆಲಸ ಇದು. ನಿಮ್ಮ ಬಕೆಟ್ಟಿನಲ್ಲಿ ಅದು ಬೇಡದೆಯೇ ಆಯಿತು.

ಬಿಸಿನೀರೇ ಉಣ್ಣೆಯನ್ನು ಕುಗ್ಗಿಸುತ್ತದೆ ಎಂದು ಎಲ್ಲರೂ ಹೇಳುವುದುಂಟು. ಇದು ಅರ್ಧ ಮಾತ್ರ ನಿಜ. ಬಿಸಿನೀರಿನಲ್ಲಿ ಎಳೆಗಳು ಮೆತ್ತಗಾಗಿ ಬಾಗಲು ಸುಲಭವಾಗುತ್ತವೆ. ಸೋಪಿನ ಕ್ಷಾರದಲ್ಲಿ ಎಳೆ ಇನ್ನಷ್ಟು ಉಬ್ಬಿಕೊಳ್ಳುತ್ತದೆ. ನೊರೆ ಅವು ಜಾರಲು ದಾರಿ ಮಾಡಿಕೊಡುತ್ತದೆ. ಆದರೆ ಉಜ್ಜಾಟವೇ ಇಲ್ಲದಿದ್ದರೆ ಇವೆಲ್ಲ ಸೇರಿಯೂ ಅಷ್ಟೊಂದು ಹಾನಿ ಮಾಡಲಾರವು. ನೂಲಿಗೆ ಬಣ್ಣ ಹಾಕುವವರು ಉಣ್ಣೆಯ ಲಡಿಗಳನ್ನು ಕುದಿಯುವ ಹಂತಕ್ಕೆ ಹತ್ತಿರವಾದ ನೀರಿನಲ್ಲಿ ಬಹಳ ಹೊತ್ತು ಇಟ್ಟರೂ ಅವು ಜಡೆಗಟ್ಟುವುದಿಲ್ಲ, ಏಕೆಂದರೆ ಅವರು ಅದನ್ನು ಕಲಕುವುದಿಲ್ಲ. ನೀವು ಬಿಸಿನೀರು, ಕ್ಷಾರದ ಸೋಪು, ಉಜ್ಜಾಟ ಮೂರನ್ನೂ ಒಟ್ಟಿಗೆ ಒದಗಿಸಿದಿರಿ. ಕೈಯಲ್ಲಿ ಒಗೆಯುವುದೆಂದರೆ ಮೃದುವಾಗಿ ಒಗೆಯುವುದು ಎಂದುಕೊಂಡದ್ದೇ ಇಲ್ಲಿ ಆದ ತಪ್ಪು. ಎರಡು ಮುಷ್ಟಿಗಳ ನಡುವೆ ತಿಕ್ಕುವುದಕ್ಕಿಂತ ಒರಟಾದ ಒಗೆತ ಯಾವ ಮೆಷಿನ್ನಿನಲ್ಲೂ ಇರಲಾರದು.

ಮೂರನೆಯ ಜೊತೆ ಉಳಿದದ್ದಕ್ಕೆ ಕಾರಣ ಅದರ ಚೀಟಿಯಲ್ಲಿರಬೇಕು. ‘ಸೂಪರ್‌ವಾಶ್’ ಅಥವಾ ‘ಮೆಷಿನ್ ವಾಶಬಲ್’ ಎಂದು ಬರೆದಿದೆಯೇ ನೋಡಿ. ಸಾಮಾನ್ಯವಾಗಿ ಇಂತಹ ಉಣ್ಣೆಯನ್ನು ಮೊದಲು ಕ್ಲೋರಿನ್ನಿನಿಂದ ಉಪಚರಿಸಿ ಹುರುಪೆಗಳ ಅಂಚುಗಳನ್ನು ತಗ್ಗಿಸಿ, ಆ ಮೇಲೆ ಎಳೆಗೆ ತೆಳುವಾದ ಪಾಲಿಮರ್ ಲೇಪ ಕೊಟ್ಟಿರುತ್ತಾರೆ. ಹುರುಪೆಗಳು ಹಿಡಿತ ಕಳೆದುಕೊಂಡ ಮೇಲೆ ಎಳೆಗಳು ಎರಡೂ ದಿಕ್ಕಿಗೆ ಸಮನಾಗಿ ಜಾರುವುದರಿಂದ ಜಡೆಗಟ್ಟುವ ಪ್ರಮೇಯವೇ ಬರುವುದಿಲ್ಲ. ಅಕ್ಕನವರು ಹೆಣೆದ ನೂಲು ಈ ಉಪಚಾರವಿಲ್ಲದ್ದು ಎಂದು ಊಹಿಸುತ್ತೇನೆ.

ಇನ್ನು ಒಗೆಯುವ ಬಗೆ. ಅಗಲವಾದ ಬೋಗುಣಿಯಲ್ಲಿ ಮೂವತ್ತು ಡಿಗ್ರಿಯ ಸುಮಾರಿನ ನೀರು ತೆಗೆದುಕೊಳ್ಳಿ. ಅಂದರೆ ಕೈಗೆ ಬಿಸಿ ಎಂದೂ ಅನಿಸದ, ತಣ್ಣಗಿದೆ ಎಂದೂ ಅನಿಸದ ನೀರು. ಉಣ್ಣೆಗೆಂದೇ ಮಾಡಿದ ದ್ರವ ಡಿಟರ್ಜೆಂಟನ್ನು ಮೊದಲು ನೀರಿನಲ್ಲಿ ಕಲಸಿ, ಆ ಮೇಲೆ ಕಾಲುಚೀಲಗಳನ್ನು ಒಳಹೊರಗು ಮಾಡಿ ಮುಳುಗಿಸಿ. ಬೆವರು, ಉಪ್ಪು, ಸತ್ತ ಚರ್ಮ ಇವೆಲ್ಲ ಇರುವುದು ಒಳಗಿನ ಮೈಯಲ್ಲಿ, ಆದ್ದರಿಂದ ಅದೇ ನೀರಿಗೆ ಎದುರಾಗಬೇಕು. ಹೊರಮೈಯ ಮೇಲೆ ಎಳೆಗಳ ಸಣ್ಣ ಸಣ್ಣ ಉಂಡೆಗಳು ಏಳುವುದೂ ಇದರಿಂದ ಕಡಿಮೆಯಾಗುತ್ತದೆ. ಅಂಗೈಯಿಂದ ಒತ್ತಿ ಬಿಡಿ, ಒತ್ತಿ ಬಿಡಿ. ಹತ್ತು ನಿಮಿಷ ಸುಮ್ಮನೆ ನೆನೆಯಲಿ. ಉಜ್ಜಬೇಡಿ, ಕುಕ್ಕಬೇಡಿ, ನಲ್ಲಿಯ ಧಾರೆಯ ಕೆಳಗೆ ಹಿಡಿಯಬೇಡಿ. ಅದೇ ಹದದ ನೀರಿನಲ್ಲಿ ಎರಡು ಬಾರಿ ಜಾಲಿಸಿ. ಮೇಲೆತ್ತುವಾಗ ಒಂದು ಅಂಚನ್ನು ಹಿಡಿದು ಎಳೆಯದೆ ಎರಡು ಕೈಗಳಲ್ಲೂ ಬಾಚಿ ಎತ್ತಬೇಕು, ಏಕೆಂದರೆ ಉಣ್ಣೆಯ ಎಳೆ ಒದ್ದೆಯಾದಾಗ ಒಣಗಿದ್ದಾಗಿಗಿಂತ ದುರ್ಬಲ. ನೀರು ತುಂಬಿದ ಕಾಲುಚೀಲದ ತೂಕಕ್ಕೇ ಅದು ಜೋತುಬೀಳುತ್ತದೆ. ಒಣ ಟವೆಲ್ಲಿನ ಮೇಲೆ ಮಲಗಿಸಿ, ಚಾಪೆ ಸುತ್ತುವಂತೆ ಸುತ್ತಿ, ಮೇಲಿನಿಂದ ಅದುಮಿದರೆ ಹೆಚ್ಚಿನ ನೀರೆಲ್ಲ ಟವೆಲ್ಲಿಗೆ ಇಳಿಯುತ್ತದೆ. ತಿರುಚಿ ಹಿಂಡುವುದು ಬೇಡ. ಅನಂತರ ನೆರಳಿನಲ್ಲಿ, ಗಾಳಿಯಾಡುವಲ್ಲಿ, ಪಾದದ ಆಕಾರಕ್ಕೆ ತಿದ್ದಿ ಅಡ್ಡಲಾಗಿ ಹರಡಿ ಒಣಗಿಸಿ. ಸುಡುಬಿಸಿಲಿನಲ್ಲಿ ಬಿಳಿ ಉಣ್ಣೆ ಹಳದಿಗೆ ತಿರುಗುತ್ತದೆ, ಎಳೆಯ ಬಲವೂ ಕುಂದುತ್ತದೆ.

ಸವೆದ ಹಿಮ್ಮಡಿ:

ಎರಡನೆಯ ಜೊತೆಯ ವಿಷಯ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಪ್ರತಿದಿನ ಬಹಳ ದೂರ ನಡೆಯುವ ಕೆಲಸ ನನ್ನದು. ಹಿಮ್ಮಡಿಯಲ್ಲಿ ಸವೆದ ಕಾಲುಚೀಲವನ್ನು ಕಂಡಾಗ ನಾನು ಮೊದಲು ನೋಡುವುದು ಬಕೆಟ್ಟನ್ನಲ್ಲ, ಶೂವನ್ನು. ಶೂವಿನ ಹಿಮ್ಮಡಿಯ ಒಳಪದರದ ಮೇಲೆ ಬೆರಳಾಡಿಸಿ ನೋಡಿ. ನನ್ನ ಹಳೆಯ ಶೂವಿನಲ್ಲಿ ಅಲ್ಲಿನ ಬಟ್ಟೆ ಹರಿದು, ಒಳಗಿನ ಪ್ಲಾಸ್ಟಿಕ್ ಅಂಚು ಉಗುರಿನಷ್ಟು ಉದ್ದಕ್ಕೆ ಹೊರಗೆ ಬಂದಿತ್ತು. ಎರಡು ವರ್ಷಗಳಲ್ಲಿ ಆರು ಜೊತೆ ಕಾಲುಚೀಲಗಳನ್ನು ಅದೇ ತಿಂದಿತ್ತೆಂದು ನನಗೆ ಹೊಳೆಯುವಷ್ಟರಲ್ಲಿ ಏಳನೆಯದೂ ಹೋಗಿತ್ತು. ಆರಕ್ಕೆ ಆರೂ ಎಡಗಾಲಿನಲ್ಲೇ ತೂತಾಗಿದ್ದವು, ಆದರೂ ನಾನು ಡಿಟರ್ಜೆಂಟನ್ನು ದೂರುತ್ತಿದ್ದೆ.

ಶೂ ಸರಿಯಾಗಿದ್ದರೆ, ಅದು ಕಾಲಿಗೆ ಸಡಿಲವೇ ಎಂದು ನೋಡಿ. ಲೇಸನ್ನು ಬಿಗಿಯಾಗಿ ಕಟ್ಟದೆ ನಡೆದರೆ ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೆ ಕೆಳಗೆ ಜಾರುತ್ತದೆ. ಕಾಲುಚೀಲವೇ ಒಂದು ಅಳತೆ ದೊಡ್ಡದಾದರೆ ಹಿಮ್ಮಡಿಗೆಂದು ಹೆಣೆದ ಭಾಗ ಮೇಲಕ್ಕೆ ಸರಿದು, ತೆಳ್ಳನೆಯ ಭಾಗ ಉಜ್ಜಾಟಕ್ಕೆ ಸಿಗುತ್ತದೆ. ಚಿಕ್ಕದಾದರೆ ಎಳೆಗಳು ಸದಾ ಬಿಗಿದೇ ಇದ್ದು ಬೇಗ ಕಡಿಯುತ್ತವೆ. ಹೆಬ್ಬೆರಳಿನ ಉದ್ದನೆಯ ಉಗುರು, ಒಡೆದ ಹಿಮ್ಮಡಿಯ ಒರಟು ಚರ್ಮ ಇವೆರಡೂ ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ಉಣ್ಣೆಯ ಕಾಲುಚೀಲದಲ್ಲಿ ಶೂ ಇಲ್ಲದೆ ಒರಟು ನೆಲದ ಮೇಲೆ ಓಡಾಡುವ ಅಭ್ಯಾಸವಿದ್ದರೆ ಅದನ್ನೂ ಬಿಡಬೇಕು.

ಇನ್ನೊಂದು ಮಾತು ನೂಲಿನದು. ಮೆರಿನೋ ಎಳೆ ಬಹಳ ಸಣ್ಣ. ಸಾಮಾನ್ಯವಾಗಿ ಅದರ ದಪ್ಪ 17ರಿಂದ 21 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ಇರುತ್ತದೆ. ಚುಚ್ಚದೆ ಮೆತ್ತಗಿರುವುದು ಅದರಿಂದಲೇ, ಬೇಗ ಸವೆಯುವುದೂ ಅದರಿಂದಲೇ. ನೂರಕ್ಕೆ ನೂರು ಉಣ್ಣೆ ಎಂಬ ಚೀಟಿಯನ್ನು ನೋಡಿ ಹಿಗ್ಗುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಕಾಲುಚೀಲದ ಮಟ್ಟಿಗೆ ನೂಲಿನಲ್ಲಿ ಕಾಲುಭಾಗದಷ್ಟು ನೈಲಾನ್ ಬೆರೆತಿದ್ದರೆ ಅದು ಕಲಬೆರಕೆಯಲ್ಲ, ಬಾಳಿಕೆಗೆ ಕೊಟ್ಟ ಆಸರೆ.

ಎಷ್ಟು ದಿನಕ್ಕೊಮ್ಮೆ ಒಗೆಯಬೇಕು ಎಂದು ಕೇಳಿದ್ದೀರಿ. ನೀವು ಈಗ ಒಗೆಯುತ್ತಿರುವುದಕ್ಕಿಂತ ಕಡಿಮೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಆವಿಯ ರೂಪದಲ್ಲಿ ಒಳಗೆ ಎಳೆದುಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ, ಮತ್ತು ಬೆವರಿನ ವಾಸನೆಯನ್ನು ಪಾಲಿಯೆಸ್ಟರಿನಂತೆ ಹೊರಗೆ ಬಿಡುವುದಿಲ್ಲ. ಸಂಜೆ ಕಳಚಿದ ಮೇಲೆ ಮುದ್ದೆಮಾಡಿ ಶೂವಿನೊಳಗೆ ತುರುಕದೆ, ಒಳಹೊರಗು ಮಾಡಿ ಗಾಳಿಗೆ ಹರಡಿ, ಮರುದಿನ ಬೇರೊಂದು ಜೊತೆ ಹಾಕಿಕೊಳ್ಳಿ. ಒಂದು ದಿನದ ಬಿಡುವಿನಲ್ಲಿ ತೇವ ಆರಿ, ಒತ್ತಿಹೋದ ಎಳೆಗಳು ತಮ್ಮ ಗುಂಗುರನ್ನು ಮರಳಿ ಪಡೆಯುತ್ತವೆ. ಹೀಗೆ ಸರದಿಯಲ್ಲಿ ಎರಡು ಮೂರು ಸಲ ಹಾಕಿಕೊಂಡ ಮೇಲೆ ಒಗೆದರೂ ಸಾಕು. ಆದರೆ ಮಣ್ಣು, ಮರಳು ಸೇರಿದ್ದರೆ ಕಾಯಬಾರದು. ಮರಳಿನ ಹರಳು ಎಳೆಗಳ ನಡುವೆ ಕುಳಿತು ಅವನ್ನು ಕೊಯ್ಯುತ್ತದೆ. ಕಾಲಿಗೆ ಶಿಲೀಂಧ್ರದ ಸೋಂಕು ಇದ್ದವರಿಗೂ ಈ ಸಲಹೆ ಅನ್ವಯಿಸುವುದಿಲ್ಲ. ಅವರು ಪ್ರತಿದಿನವೂ ಬದಲಾಯಿಸಿ ಒಗೆಯಲೇಬೇಕು.

ಮೆಷಿನ್ ಪಕ್ಷಪಾತಿ:

ಉಣ್ಣೆಯೆಳೆಯವರು ಬರೆದದ್ದರಲ್ಲಿ ತಪ್ಪೇನೂ ಇಲ್ಲ, ಆದರೆ ಪ್ರತಿ ವಾರ ಬೋಗುಣಿ ಟವೆಲ್ಲುಗಳ ಈ ಸೇವೆ ಎಷ್ಟು ಜನರಿಂದ ನಡೆದೀತು? ಎರಡು ತಿಂಗಳು ಮಾಡಿ, ಮೂರನೆಯ ತಿಂಗಳು ಬೇಸತ್ತು, ಎಲ್ಲವನ್ನೂ ಒಂದು ದಿನ ಬಿಸಿನೀರಿಗೆ ಹಾಕಿ ಕೆಡಿಸುವುದಕ್ಕಿಂತ ಮೆಷಿನ್ನನ್ನು ಸರಿಯಾಗಿ ಬಳಸುವುದು ಮೇಲು. ನಾನು ಹಲವು ವರ್ಷಗಳಿಂದ ಮೆಷಿನ್ನಿನಲ್ಲೇ ಒಗೆಯುತ್ತಿದ್ದೇನೆ.

ಮೊದಲು ಚೀಟಿಯ ಚಿಹ್ನೆಗಳನ್ನು ಓದಿಕೊಳ್ಳಿ. ನೀರಿನ ತೊಟ್ಟಿಯ ಚಿತ್ರದೊಳಗೆ 30 ಎಂದಿದ್ದು, ಕೆಳಗೆ ಎರಡು ಗೆರೆಗಳಿದ್ದರೆ ಅತ್ಯಂತ ಮೃದುವಾದ ಒಗೆತಕ್ಕೆ ಅಡ್ಡಿಯಿಲ್ಲವೆಂದು ಅರ್ಥ. ತೊಟ್ಟಿಯಲ್ಲಿ ಕೈಯ ಚಿತ್ರವಿದ್ದರೆ ಅದನ್ನು ಕೈಯಲ್ಲೇ ಒಗೆಯಬೇಕು. ಚೌಕದೊಳಗಿನ ವೃತ್ತಕ್ಕೆ ಅಡ್ಡಗೀಟು ಎಳೆದಿದ್ದರೆ ಡ್ರೈಯರ್ ನಿಷಿದ್ಧ, ತ್ರಿಕೋನಕ್ಕೆ ಅಡ್ಡಗೀಟಿದ್ದರೆ ಬ್ಲೀಚ್ ನಿಷಿದ್ಧ. ಈ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ಲೋರಿನ್ ಬ್ಲೀಚಿನಲ್ಲಿ ಉಣ್ಣೆ ಬಣ್ಣಗೆಡುವುದಷ್ಟೇ ಅಲ್ಲ, ಕರಗಿಯೇ ಹೋಗುತ್ತದೆ. ಒಂದು ತುಂಡು ಉಣ್ಣೆಯ ದಾರವನ್ನು ಬ್ಲೀಚಿನಲ್ಲಿ ಹಾಕಿಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ದಾರವೇ ಇರುವುದಿಲ್ಲ. ದಾರ ನಿಜವಾದ ಉಣ್ಣೆಯೋ ಅಲ್ಲವೋ ಎಂದು ಪರೀಕ್ಷಿಸಲು ಈ ಉಪಾಯವನ್ನೇ ಬಳಸುತ್ತಾರೆ.

ಉಣ್ಣೆಯ ಪ್ರೋಗ್ರಾಂನಲ್ಲಿ ಡ್ರಮ್ ನಿಂತು ನಿಂತು, ನಿಧಾನವಾಗಿ ತಿರುಗುತ್ತದೆ, ನೀರನ್ನೂ ಹೆಚ್ಚು ತೆಗೆದುಕೊಳ್ಳುತ್ತದೆ. ಕಾಲುಚೀಲಗಳನ್ನು ಒಳಹೊರಗು ಮಾಡಿ ಜಾಲರಿಯ ಚೀಲದಲ್ಲಿ ಹಾಕಿ, ಜೀನ್ಸು, ಜಿಪ್ಪು, ಕೊಕ್ಕೆಗಳಿರುವ ಬಟ್ಟೆಗಳನ್ನು ಜೊತೆಗೆ ಸೇರಿಸಬೇಡಿ. ಬಟ್ಟೆ ಮೃದುಗೊಳಿಸುವ ಸಾಫ್ಟ್‌ನರ್ ಬೇಡ. ಅದು ಎಳೆಗಳ ಮೇಲೆ ಜಿಡ್ಡಿನಂತೆ ಕುಳಿತು ತೇವ ಹೀರುವ ಗುಣವನ್ನು ಕುಂದಿಸುತ್ತದೆ. ಸ್ಪಿನ್ ವಿಷಯದಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯವಿದೆ. ಬಹಳ ಜನ ಅದಕ್ಕೆ ಹೆದರುತ್ತಾರೆ, ಆದರೆ ಸ್ಪಿನ್ ಆಗುವಾಗ ಕಾಲುಚೀಲ ಡ್ರಮ್ಮಿನ ಗೋಡೆಗೆ ಅಂಟಿಕೊಂಡು ಕದಲದೆ ಕೂತಿರುತ್ತದೆ. ಅಲ್ಲಿ ಒಂದರೊಡನೊಂದು ಉಜ್ಜಾಟವೇ ಇಲ್ಲ. ಕೈಯಲ್ಲಿ ಒಗೆದವರೂ ಕೊನೆಯಲ್ಲಿ ಕಡಿಮೆ ವೇಗದ ಸ್ಪಿನ್ ಮಾತ್ರ ಹಾಕಿ ನೀರು ತೆಗೆಯಬಹುದು. ನಿಜವಾದ ಶತ್ರು ಡ್ರೈಯರ್: ಬಿಸಿ, ತೇವ, ಉರುಳಾಟ ಮೂರೂ ಅಲ್ಲಿ ಸೇರುತ್ತವೆ, ಕಾಲುಚೀಲದ ಪಟ್ಟಿಯಲ್ಲಿರುವ ಎಲಾಸ್ಟಿಕ್ ದಾರವೂ ಆ ಬಿಸಿಗೆ ಬೇಗ ಸತ್ತುಹೋಗುತ್ತದೆ.

ಚಳಿಗಾಲು:

ಮೂವರಿಗೂ ಧನ್ಯವಾದಗಳು. ತಲೆಗೂದಲಿನ ಪರೀಕ್ಷೆಯನ್ನು ಮಾಡಿದೆ; ಕೂದಲು ನಿಜಕ್ಕೂ ಹುಳುವಿನಂತೆ ಒಂದೇ ಕಡೆಗೆ ತೆವಳಿತು. ಮೂರನೆಯ ಜೊತೆಯ ಚೀಟಿಯಲ್ಲಿ ಸೂಪರ್‌ವಾಶ್ ಎಂದೇ ಇದೆ. ಎರಡನೆಯದರಲ್ಲಿ ಪೂರ್ತಿ ಮೆರಿನೋ, ನೈಲಾನ್ ಇಲ್ಲ. ಶೂವಿನ ಒಳಗೆ ಬೆರಳಾಡಿಸಿದಾಗ ಬಲಗಾಲಿನ ಹಿಮ್ಮಡಿಯಲ್ಲಿ ಬಟ್ಟೆ ತೆಳುವಾಗಿ ಉಂಡೆಗಟ್ಟಿರುವುದು ಕೈಗೆ ಸಿಕ್ಕಿತು, ಹೆಚ್ಚು ಸವೆದ ಕಾಲುಚೀಲವೂ ಬಲಗಾಲಿನದೇ ಇರಬೇಕು. ಎಡಬಲ ಗುರುತು ಅದರಲ್ಲಿ ಇಲ್ಲದ್ದರಿಂದ ಖಚಿತವಾಗಿ ಹೇಳಲಾರೆ.

ಎರಡು ಪ್ರಶ್ನೆಗಳು ಉಳಿದಿವೆ. ನಾನು ಬಳಸುವ ಸಾಮಾನ್ಯ ಡಿಟರ್ಜೆಂಟ್ ಪುಡಿಯ ಪೊಟ್ಟಣದ ಮೇಲೆ ‘ಎನ್‌ಜೈಮ್’ ಎಂದು ದೊಡ್ಡದಾಗಿ ಬರೆದಿದೆ, ಇದರಿಂದ ಹಾನಿಯಿದೆಯೇ? ಕೊನೆಯ ನೀರಿಗೆ ವಿನೆಗರ್ ಹಾಕಬೇಕೆಂದು ಕೆಲವರು ಹೇಳುತ್ತಾರೆ, ಅದು ಅಗತ್ಯವೇ? ಸವೆದು ಇನ್ನೂ ತೂತಾಗದ ಹಿಮ್ಮಡಿಯನ್ನು ಉಳಿಸಿಕೊಳ್ಳುವ ದಾರಿಯಿದ್ದರೆ ಅದನ್ನೂ ತಿಳಿಸಿ. ಎಣಿಸಿದರೆ ಮೂರು ಪ್ರಶ್ನೆಗಳಾದವು, ಕ್ಷಮಿಸಿ.

ಉಣ್ಣೆಯೆಳೆ:

ಎನ್‌ಜೈಮುಗಳಲ್ಲಿ ಹಲವು ಬಗೆಗಳಿವೆ. ಪ್ರೋಟಿಯೇಸ್ ಎಂಬುದು ರಕ್ತ, ಹಾಲು, ಮೊಟ್ಟೆಯಂತಹ ಪ್ರೋಟೀನ್ ಕಲೆಗಳನ್ನು ಒಡೆಯಲೆಂದು ಸೇರಿಸಿದ್ದು, ಮತ್ತು ಉಣ್ಣೆಯೇ ಪ್ರೋಟೀನ್ ಆದ್ದರಿಂದ ಅದು ಕಲೆಗೂ ಬಟ್ಟೆಗೂ ಭೇದವೆಣಿಸುವುದಿಲ್ಲ. ಒಂದೆರಡು ಒಗೆತಗಳಲ್ಲಿ ಏನೂ ಕಾಣಿಸದು; ವರ್ಷಗಟ್ಟಲೆ ಬಳಸಿದರೆ ಎಳೆಗಳು ಬಲಗುಂದಿ, ಸವೆಯುವ ಜಾಗದಲ್ಲಿ ಬೇಗ ಕಡಿಯುತ್ತವೆ. ಒಗೆತಕ್ಕೂ ನಿಮ್ಮ ಹಿಮ್ಮಡಿಗೂ ಸಂಬಂಧವಿಲ್ಲ ಎಂದು ಮೊದಲು ಬರೆದಿದ್ದೆ. ಪುಡಿಯಲ್ಲಿ ಇರುವುದು ಪ್ರೋಟಿಯೇಸ್ ಆಗಿದ್ದರೆ ಆ ಮಾತನ್ನು ಅಷ್ಟರ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ. ಪುಡಿಗಳು ಸಾಮಾನ್ಯವಾಗಿ ಕ್ಷಾರೀಯವೂ ಆಗಿರುವುದರಿಂದ ಉಣ್ಣೆಗೆ ಅವು ಎರಡು ರೀತಿಯಲ್ಲೂ ಒಗ್ಗುವುದಿಲ್ಲ. ಉಣ್ಣೆಯ ಡಿಟರ್ಜೆಂಟ್ ಕೈಗೆ ಸಿಗದ ದಿನ ತಲೆಗೆ ಹಾಕುವ ಸಾದಾ ಶಾಂಪೂ ಬಳಸಿ; ಅದು ಕೂದಲಿಗೆಂದೇ ಮಾಡಿದ್ದು, ಕ್ಷಾರೀಯವೂ ಅಲ್ಲ. ಎರಡು ಜೊತೆಗೆ ಒಂದು ಚಮಚೆ ಸಾಕು. ಹೆಚ್ಚಾದರೆ ನೊರೆ ಜಾಲಿಸುವುದರಲ್ಲೇ ನಿಮ್ಮ ಹೊತ್ತು ಹೋಗುತ್ತದೆ.

ವಿನೆಗರ್ ಕಡ್ಡಾಯವಲ್ಲ. ಸೋಪಿನಲ್ಲಿ ಒಗೆದಾಗ ಎಳೆಗಳಲ್ಲಿ ಉಳಿದ ಕ್ಷಾರವನ್ನು ಕಳೆಯಲು ಅದು ಉಪಯುಕ್ತ, ಏಕೆಂದರೆ ಉಣ್ಣೆ ಕ್ಷಾರಕ್ಕಿಂತ ತೆಳುವಾದ ಆಮ್ಲವನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಉಣ್ಣೆಯ ಡಿಟರ್ಜೆಂಟನ್ನೇ ಬಳಸಿದರೆ ಕಳೆಯಬೇಕಾದ ಕ್ಷಾರವೇ ಅಲ್ಲಿರುವುದಿಲ್ಲ. ವಾಸನೆ ಉಳಿದಿದ್ದರೆ ಒಂದು ಬೋಗುಣಿ ನೀರಿಗೆ ಒಂದು ಚಮಚೆ ಬಿಳಿ ವಿನೆಗರ್ ಹಾಕಿ ಜಾಲಿಸಬಹುದು. ಅಡಿಗೆ ಸೋಡಾ ಹಾಕಿರೆಂದು ಯಾರಾದರೂ ಹೇಳಿದರೆ ಕೇಳಬೇಡಿ.

ಕುಗ್ಗಿದ ಜೊತೆಯ ಬಗ್ಗೆ ಹೇಳುವುದನ್ನು ಮರೆತಿದ್ದೆ. ಕುಗ್ಗುವುದರಲ್ಲಿ ಎರಡು ವಿಧ. ಹೆಣಿಗೆಯ ಕುಣಿಕೆಗಳು ಬಿಗಿದುಕೊಂಡು ಚಿಕ್ಕದಾಗಿದ್ದರೆ, ಉಗುರುಬೆಚ್ಚಗಿನ ನೀರಿಗೆ ಕೂದಲಿನ ಕಂಡೀಷನರ್ ಬೆರೆಸಿ ಅರ್ಧ ಗಂಟೆ ನೆನೆಸಿ, ನಿಧಾನವಾಗಿ ಎಳೆದು ಆಕಾರಕ್ಕೆ ತಂದು ಒಣಗಿಸಿದರೆ ಬಹುಮಟ್ಟಿಗೆ ಹಿಗ್ಗುತ್ತದೆ. ಜಡೆಗಟ್ಟಿದ್ದರೆ ಯಾವ ಉಪಾಯವೂ ಇಲ್ಲ. ಕಾಲುಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಕಡೆಗೆ ಎಳೆಯಿರಿ. ಒಂದೊಂದು ಕುಣಿಕೆ ಬಿಡಿಬಿಡಿಯಾಗಿ ಕಂಡರೆ ಆಸೆಯಿದೆ, ಕುಣಿಕೆಗಳೇ ಕಾಣದೆ ಒಂದೇ ಹಾಳೆಯಂತೆ ತೋರಿದರೆ ಇಲ್ಲ. ರಟ್ಟಿನಂತೆ ಎಂದು ನೀವು ಬರೆದದ್ದನ್ನು ನೋಡಿದರೆ ಎರಡನೆಯದೇ ಇರಬೇಕು.

ಸೂಜಿಮೊನೆ:

ಸವೆದು ತೂತಾಗದ ಹಿಮ್ಮಡಿಯನ್ನು ಇವತ್ತೇ ಕೈಗೆತ್ತಿಕೊಳ್ಳಿ. ತೂತಾದ ಮೇಲೆ ಹೊಸ ಬಟ್ಟೆಯನ್ನೇ ನೇಯಬೇಕಾಗುತ್ತದೆ. ಅದಕ್ಕೂ ಮೊದಲಾದರೆ ಇರುವ ಕುಣಿಕೆಗಳ ದಾರಿಯಲ್ಲೇ ಇನ್ನೊಂದು ನೂಲನ್ನು ನಡೆಸಿದರೆ ಸಾಕು.

ಕಾಲುಚೀಲದೊಳಗೆ ನುಣುಪಾದ, ಗುಂಡಗಿನ ವಸ್ತುವೊಂದನ್ನು ಇಡಿ. ಇದಕ್ಕೆಂದೇ ಅಣಬೆಯಾಕಾರದ ಮರದ ಸಾಧನ ಸಿಗುತ್ತದೆ, ಇಲ್ಲದಿದ್ದರೆ ಟೆನ್ನಿಸ್ ಚೆಂಡು ಅಥವಾ ಹಳೆಯ ಬಲ್ಬು ಆದೀತು. ಹೆಣಿಗೆಯ ಹೊರಮೈಯನ್ನು ಹತ್ತಿರದಿಂದ ನೋಡಿದರೆ ಪ್ರತಿಯೊಂದು ಕುಣಿಕೆಯೂ ಎರಡು ಕಾಲುಗಳು ಕೆಳಗೆ ಕೂಡಿಕೊಂಡ ಕವೆಗೋಲಿನಂತೆ ಕಾಣುತ್ತದೆ. ಮೊಂಡು ಮೊನೆಯ ಸೂಜಿಗೆ ಅದೇ ದಪ್ಪದ ನೂಲು ಪೋಣಿಸಿ, ಕವೆಯ ಬುಡದಲ್ಲಿ ಒಳಗಿನಿಂದ ಹೊರಗೆ ತನ್ನಿ. ಅದರ ಮೇಲಿನ ಕುಣಿಕೆಯ ಎರಡೂ ಕಾಲುಗಳ ಹಿಂದಿನಿಂದ ಸೂಜಿಯನ್ನು ಅಡ್ಡಲಾಗಿ ಹಾಯಿಸಿ. ಮತ್ತೆ ಅದೇ ಬುಡದಲ್ಲಿ ಒಳಗೆ ಇಳಿಸಿ. ಹಳೆಯ ಕುಣಿಕೆಯ ಮೇಲೆ ಹೊಸ ಕುಣಿಕೆ ಹೊದಿಸಿದಂತಾಯಿತು. ಸವೆದ ಭಾಗದಿಂದ ಎರಡು ಮೂರು ಕುಣಿಕೆಗಳಷ್ಟು ಆಚೆಗೆ, ಗಟ್ಟಿಯಾಗಿರುವ ಜಾಗದಲ್ಲಿ ಆರಂಭಿಸಿ, ಆಚೆ ಬದಿಯ ಗಟ್ಟಿ ಜಾಗದವರೆಗೂ ಸಾಲು ಸಾಲಾಗಿ ಮುಂದುವರಿಯಬೇಕು. ಗಂಟು ಹಾಕಬೇಡಿ. ಹಿಮ್ಮಡಿಯ ಕೆಳಗಿನ ಗಂಟು ಮೊದಲ ಮೈಲಿಯಲ್ಲೇ ಬೊಬ್ಬೆ ಏಳಿಸುತ್ತದೆ. ತುದಿಗಳನ್ನು ಒಳಮೈಯಲ್ಲಿ ಎಳೆಗಳ ನಡುವೆ ಹಾಯಿಸಿ ಬಿಟ್ಟರೆ ಅವೇ ಕಚ್ಚಿಕೊಂಡು ನಿಲ್ಲುತ್ತವೆ. ನಾಲ್ಕು ಬೆರಳಗಲದ ಹಿಮ್ಮಡಿಗೆ ನನಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ, ಮೊದಲ ಸಲ ಎರಡು ಗಂಟೆ ಹಿಡಿದಿತ್ತು.

ಈಗಾಗಲೇ ತೂತಾಗಿದ್ದರೆ ರಫೂ ಮಾಡಬೇಕು. ತೂತಿನ ಸುತ್ತಲಿನ ಗಟ್ಟಿ ಬಟ್ಟೆಯಿಂದ ಆರಂಭಿಸಿ ಉದ್ದಕ್ಕೆ ಒತ್ತೊತ್ತಾಗಿ ನೂಲುಗಳನ್ನು ಎಳೆದು, ಆ ಮೇಲೆ ಅಡ್ಡಲಾಗಿ ಒಂದರ ಮೇಲೆ ಒಂದರ ಕೆಳಗೆ ಹಾಯಿಸಿ ನೇಯಬೇಕು. ಪ್ರತಿ ಸಾಲಿನ ತಿರುವಿನಲ್ಲಿ ಚಿಕ್ಕದೊಂದು ಸಡಿಲ ಬಿಡಿ, ಏಕೆಂದರೆ ಹೊಸ ನೂಲು ಮೊದಲ ಒಗೆತದಲ್ಲಿ ಸ್ವಲ್ಪ ಬಿಗಿಯುತ್ತದೆ. ಸಡಿಲವಿಲ್ಲದಿದ್ದರೆ ಸುತ್ತಲಿನ ಹಳೆಯ ಬಟ್ಟೆಯನ್ನು ಸೆಳೆದು ನೆರಿಗೆ ಬೀಳಿಸುತ್ತದೆ.

ಶೂವಿನ ಒಳಪದರವನ್ನು ಸರಿಮಾಡಿಸದೆ ಇದನ್ನೆಲ್ಲ ಮಾಡಬೇಡಿ.

ಸವೆದ ಹಿಮ್ಮಡಿ:

ಚಳಿಗಾಲ ಮುಗಿದ ಮೇಲೆ ಎತ್ತಿಡುವ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಸೇರಿಸುತ್ತೇನೆ. ಬಟ್ಟೆನುಸಿಯ ಪತಂಗ ಏನನ್ನೂ ತಿನ್ನುವುದಿಲ್ಲ. ತಿನ್ನುವುದು ಅದರ ಮರಿಹುಳು, ಅದಕ್ಕೆ ಇಷ್ಟವಾದದ್ದು ಬೆವರು, ಎಣ್ಣೆಯ ಅಂಶ ಉಳಿದ ಉಣ್ಣೆ. ಆದ್ದರಿಂದ ಒಗೆಯದೆ ಎತ್ತಿಡಬೇಡಿ, ಪೂರ್ತಿ ಒಣಗದೆಯೂ ಎತ್ತಿಡಬೇಡಿ. ಗಾಳಿಯಾಡದಂತೆ ಮುಚ್ಚುವ ಚೀಲದಲ್ಲಿಡಿ. ನುಸಿ ಬಿದ್ದಿದೆಯೆಂದು ಅನುಮಾನವಿದ್ದರೆ ಅದೇ ಚೀಲವನ್ನು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಚೀಲ ಕೋಣೆಯ ಉಷ್ಣತೆಗೆ ಬಂದ ನಂತರವೇ ತೆರೆಯಿರಿ. ಇಲ್ಲದಿದ್ದರೆ ಗಾಳಿಯ ತೇವ ತಣ್ಣನೆಯ ಉಣ್ಣೆಯ ಮೇಲೆ ಹನಿಗಟ್ಟುತ್ತದೆ. ಸೀಡರ್ ಮರದ ತುಂಡುಗಳನ್ನು ನಾನೂ ಇಟ್ಟಿದ್ದೆ. ಪೆಟ್ಟಿಗೆಗೆ ಒಳ್ಳೆಯ ವಾಸನೆ ಬಂತು, ನುಸಿಯೂ ಬಂತು.

ಚಳಿಗಾಲು:

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಅಕ್ಕನ ಕಾಲುಚೀಲವನ್ನು ಕಂಡೀಷನರಿನಲ್ಲಿ ನೆನೆಸಿ ಎಳೆದೆ; ಒಂದು ಬೆರಳಿನ ಅಗಲದಷ್ಟೂ ಹಿಗ್ಗಲಿಲ್ಲ. ಬೆಳಕಿಗೆ ಹಿಡಿದಾಗ ಕುಣಿಕೆಗಳೂ ಕಾಣಲಿಲ್ಲ. ಕೊನೆಗೆ ಅಕ್ಕನಿಗೆ ಹೇಳಿದೆ. ಅವಳು ನಕ್ಕು, ಜಡೆಗಟ್ಟಿದ ಹೆಣಿಗೆಯನ್ನು ಕತ್ತರಿಸಿದರೂ ಬಿಚ್ಚಿಕೊಳ್ಳುವುದಿಲ್ಲವೆಂದು ಹೇಳಿ, ಶೂವಿನ ಅಳತೆಗೆ ಅದರಿಂದ ಎರಡು ಒಳಹಾಸುಗಳನ್ನು ಕತ್ತರಿಸಿ ಕೊಟ್ಟಳು. ಮೆರಿನೋ ಹಿಮ್ಮಡಿಯಲ್ಲಿ ಅರ್ಧದಷ್ಟು ಸೂಜಿಕೆಲಸ ಆಗಿದೆ. ಸಾಲುಗಳು ಸೊಟ್ಟಗಿವೆ, ಆದರೆ ಬೆಳಕು ಹಾಯುತ್ತಿಲ್ಲ. ಅಕ್ಕ ಇನ್ನೊಂದು ಜೊತೆ ಹೆಣೆಯಲು ಒಪ್ಪಿದ್ದಾಳೆ. ಯಾವ ನೂಲು ತರಲಿ ಎಂದು ಕೇಳುತ್ತಿದ್ದಾಳೆ.

ಸೂಜಿಮೊನೆ:

ಕಾಲುಚೀಲಕ್ಕೆಂದೇ ಮಾರುವ, ಬಿಗಿಯಾಗಿ ಹುರಿ ಹಾಕಿದ ಸೂಪರ್‌ವಾಶ್ ನೂಲು ತರಲಿ. 75 ಭಾಗ ಉಣ್ಣೆ, 25 ಭಾಗ ನೈಲಾನ್ ಇರುವುದು ಸುಲಭವಾಗಿ ಸಿಗುತ್ತದೆ. ಸ್ವೆಟರಿಗೆ ಬಳಸುವುದಕ್ಕಿಂತ ಸಣ್ಣ ಕಡ್ಡಿಗಳಲ್ಲಿ ಒತ್ತಾಗಿ ಹೆಣೆಯಲಿ, ಹಿಮ್ಮಡಿಯಲ್ಲಿ ಒಂದು ಬಿಟ್ಟು ಒಂದು ಕುಣಿಕೆಯನ್ನು ಹೆಣೆಯದೆ ಜಾರಿಸಿದರೆ ಅಲ್ಲಿ ಬಟ್ಟೆ ಎರಡು ಪದರದಷ್ಟು ದಪ್ಪ ಬರುತ್ತದೆ. ಉಳಿದ ನೂಲಿನಲ್ಲಿ ಹತ್ತು ಮೀಟರಿನಷ್ಟನ್ನು ನೀವು ಕೇಳಿ ತೆಗೆದಿಟ್ಟುಕೊಳ್ಳಿ, ಮತ್ತು ಕಾಲುಚೀಲವನ್ನು ಒಗೆಯುವಾಗ ಆ ಲಡಿಯನ್ನೂ ಜೊತೆಗೆ ಒಗೆಯುತ್ತಾ ಬನ್ನಿ. ಮುಂದೆ ರಫೂ ಮಾಡುವ ದಿನ ಎರಡರ ಬಣ್ಣವೂ ಒಂದೇ ಪ್ರಮಾಣದಲ್ಲಿ ಮಾಸಿರುತ್ತದೆ.